ಉಜ್ಜದೆ ಬಿಟ್ಟ ಪಾಲು

ಅಮ್ಮಾ,

ನಿನಗೆ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ನಾನು ಬರೆಯಲು ಕಲಿತು, ನಿನ್ನ ಹೆಸರನ್ನು ಬರೆದು ತೋರಿಸಿದಾಗ "ಜಿಲೇಬಿ ಬಿಟ್ಟಂಗೆ ಅದೆ" ಎಂದು ನೀನು ನಕ್ಕಿದ್ದೆ. ಪುಸ್ತಕವನ್ನು ತಮಿಳಿನಲ್ಲೇ ಬರೆದೆ, ಮನೆಯಲ್ಲಿ ಕನ್ನಡ ಆಡಿದರೂ ತಮಿಳು ಮಾತ್ರ ಓದಬಲ್ಲ ನಮ್ಮ ಜನ ಓದಬೇಕಲ್ಲ. ಈ ಕಾಗದ ಮಾತ್ರ ಕನ್ನಡದಲ್ಲಿ. ನಿನ್ನ ಜೊತೆ ನಾನು ಬೇರೆ ಯಾವ ಭಾಷೆಯಲ್ಲಿ ಜಗಳವಾಡಿದ್ದೇನೆ? ನೀನಿರುವಲ್ಲಿ ಯಾರಾದರೂ ಓದಿ ಹೇಳಿಯಾರು.

ಬೆಳಗಿನಿಂದ ಮೂರು ಸಲ ಕೂತು ಮೂರು ಸಲ ಎದ್ದಿದ್ದೇನೆ. ತುಡಿಯಲೂರಿನ ಪ್ರೆಸ್ಸಿನವರು ಎರಡು ಬಾರಿ ಫೋನ್ ಮಾಡಿದರು. ಅರವತ್ತಮೂರನೆಯ ಪುಟ ಒಂದು ಬಿಟ್ಟು ಮಿಕ್ಕ ಕರಡೆಲ್ಲ ಅವರ ಕೈಸೇರಿದೆ. "ಒಂದು ಪುಟಕ್ಕೆ ಏನ್ ಸಾರ್ ಇಷ್ಟು ದಿನ?" ಎನ್ನುತ್ತಾರೆ. ಏನೆಂದು ಹೇಳಲಿ? ನಮ್ಮಮ್ಮನಿಗೆ ಮೊದಲು ಹೇಳಬೇಕಾದದ್ದು ಇದೆ ಎಂದರೆ ನಂಬುತ್ತಾರಾ?

ಪುಸ್ತಕ ಬರೆಯುತ್ತೇನೆ ಎಂದ ದಿನ ನೀನು ಅವರೆಕಾಯಿ ಬಿಡಿಸುತ್ತಿದ್ದೆ. ಕಿಣತ್ತುಕಡವಿನ ಸುತ್ತ ನಮ್ಮವರ ಹಳೆಯ ಮನೆಗಳು, ಅವುಗಳ ಸುಣ್ಣದ ಗಾರೆಯ ಗೋಡೆಗಳು, ಅವನ್ನು ಕಟ್ಟಿದ ಬಗೆ ಎಂದು ವಿವರಿಸಿದೆ. ಅಳಲೆಕಾಯಿ, ಬೆಲ್ಲ ಹಾಕಿ ಹುಳಿಸಿದ ನೀರಲ್ಲಿ ಗಾರೆ ಕಲಸಿ, ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿ ಸೇರಿಸಿ, ಹಸಿಯಿರುವಾಗಲೇ ನುಣ್ಣನೆಯ ಕಲ್ಲಿನಿಂದ ಉಜ್ಜಿದ ಗೋಡೆಗಳು. ನಿನ್ನ ತವರಿನ ನಡುಮನೆಯ ಗೋಡೆಯಲ್ಲಿ ಈಗಲೂ ಮುಖ ನೋಡಿಕೊಳ್ಳಬಹುದು ಎಂದೆ. "ಕಣ್ಣೂ, ಗೋಡೆಗೆ ಕಿವಿ ಇರ್ತದೆ ಅಂತಾರೆ, ಬಾಯಿ ಎಲ್ಲಿರ್ತದೆ? ನೀನು ಯಾರನ್ನ ಕೇಳಿ ಬರೀತೀಯ?" ಎಂದೆ ನೀನು. ನಿನ್ನನ್ನೇ ಕೇಳಬಹುದಿತ್ತು. ಕೇಳಿದೆ ಕೂಡ. ಕೇಳಿದ ರೀತಿ ಮಾತ್ರ...

ನೀನು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡಿದ್ದೆನಲ್ಲ, ಅದನ್ನು ಈ ತಿಂಗಳಲ್ಲಿ ಹತ್ತು ಸಲ ಕೇಳಿದ್ದೇನೆ. "ನಮ್ಮನೆ ಕಟ್ಟುವಾಗ ಉಜ್ಜೋಕೆ ಮುಯ್ಯಾಳು ಬಂದಿದ್ರು, ಕೂಲಿ ಇಲ್ದೆ. ಎಲ್ಲಾ ನಮ್ಮ ಹೆಣ್ಮಕ್ಕಳೇ. ನಾವು ಆರು ಜನ ಸಾಲಾಗಿ ಕೂತಿದ್ವಿ, ಒಬ್ಬೊಬ್ಬರಿಗೆ ಒಂದೊಂದು ಪಾಲು. ನನ್ನ ಪಕ್ಕದಲ್ಲಿ..." ಎಂದು ನೀನು ಶುರುಮಾಡುತ್ತೀಯ. ಅಷ್ಟರಲ್ಲಿ ನನ್ನ ದನಿ ನುಗ್ಗುತ್ತದೆ: "ಅದಿರ್ಲಿ ಅಮ್ಮಾ, ಅಳಲೆಕಾಯಿ ಎಷ್ಟು ದಿನ ನೆನೆಸ್ತಿದ್ರು ಹೇಳು." ನೀನು "ಹನ್ನೆರಡು ದಿನ" ಎನ್ನುತ್ತೀಯ. ಗಾರೆಯ ಪಾಕವನ್ನೆಲ್ಲ ಬರೆದುಕೊಂಡು ಉಜ್ಜಿದ ಕೈಯನ್ನು ಕೇಳದ ಇಂಜಿನಿಯರ್ ನಾನು. ಅರವತ್ತಮೂರನೆಯ ಪುಟದಲ್ಲಿ ಆ ಗೋಡೆಯ ಕೆಳಗೆ ಮೇಸ್ತ್ರಿಯ ಹೆಸರೊಂದನ್ನೇ ಹಾಕಿದ್ದೆ.

ಮುಖಪುಟದ ಫೋಟೋ ತೆಗೆದ ದಿನ ನೆನಪಿದೆಯಾ? ನೀನು ಬರಲಿಲ್ಲ, ಮಂಡಿನೋವು. ನಿನ್ನ ತವರಿನ ನಡುಮನೆಯಲ್ಲಿದ್ದ ಜೋಳದ ಡ್ರಮ್ಮನ್ನು ಸರಿಸಿದರೆ ಅದರ ಹಿಂದೆ, ಎಡದ ತುದಿಯಲ್ಲಿ, ಒಂದೂವರೆ ಮೊಳದಷ್ಟು ಗೋಡೆ ಒರಟಾಗಿತ್ತು. ಮಿಕ್ಕದ್ದೆಲ್ಲ ಹೊಳೆಯುತ್ತಿರುವಾಗ ಅಷ್ಟು ಜಾಗ ಮಾತ್ರ ಮಂಕು. ತೇವ ಹಿಡಿದು ಕೆಟ್ಟಿದೆ ಎಂದುಕೊಂಡೆ. ಮೇಸ್ತ್ರಿಯೊಬ್ಬನನ್ನು ಕರೆಸಿ, ಅದರ ಮೇಲೊಂದು ಪದರ ಬಳಿಸಿ ಉಜ್ಜಿಸಿದೆ. ನಿನ್ನ ತಮ್ಮ, ನಮ್ಮ ಮಾಮ, ಅಂದು ಸಂತೆಗೆ ಹೋಗಿದ್ದರು. ಸಂಜೆ ಫೋಟೋ ತಂದು ತೋರಿಸಿದೆ. ನೀನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದೆ. "ಇದನ್ನ ಯಾರು ಉಜ್ಜಿದ್ದು?" ಎಂದೆ. "ನಾನೇ ಹೇಳಿ ಮಾಡಿಸ್ದೆ, ಚೆನ್ನಾಗಿದೆ ಅಲ್ವಾ?" ಎಂದು ಬೀಗಿದೆ. ನೀನು ಫೋಟೋವನ್ನು ಬೋರಲು ಹಾಕಿ, ಒಳಗೆ ಹೋಗಿ ಮಲಗಿದೆ. ಅಂದೇ ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ಆಗುತ್ತಿರಲಿಲ್ಲವಾ ಅಮ್ಮಾ? ಏಕೆ ಸುಮ್ಮನಾದೆ?

ನೀನು ತೀರಿಕೊಂಡ ಹದಿನಾರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಎದ್ದ ಮೇಲೆ ಮಾಮ ನನ್ನನ್ನು ಆ ಗೋಡೆಯ ಮುಂದೆ ಕೂರಿಸಿದರು. "ನಿಂಗೊಬ್ಳು ದೊಡ್ಡಮ್ಮ ಅವ್ಳೆ" ಎಂದರು. ನಿನ್ನ ಪಕ್ಕ ಕೂತು ಉಜ್ಜುತ್ತಿದ್ದವಳು ನಿನ್ನ ಅಕ್ಕ. ಅಂದು ಮಧ್ಯಾಹ್ನ ತಾತ ಬಂದು ಅವಳಿಗೆ ಗಂಡು ಗೊತ್ತುಮಾಡಿದ್ದೇನೆ ಎಂದರಂತೆ. ಅವಳು ಕಲ್ಲನ್ನು ಕೆಳಗಿಟ್ಟು, ಕೈ ತೊಳೆದುಕೊಂಡು ಹೊರಗೆ ಹೋದವಳು, ಸುಣ್ಣದ ಗಾಡಿ ಹೊಡೆಯುತ್ತಿದ್ದ ಬೇರೆ ಜಾತಿಯ ಹುಡುಗನ ಜೊತೆ ಊರು ಬಿಟ್ಟಳಂತೆ. ತಾತ ಅವಳ ಹೆಸರೆತ್ತಕೂಡದು ಎಂದರು. ಅಜ್ಜಿ ಎದುರು ಮಾತಾಡಲಿಲ್ಲ, ಉಳಿದ ಐದು ಹೆಣ್ಣುಮಕ್ಕಳಿಗೆ ಇಷ್ಟೇ ಹೇಳಿದರು: "ಅವಳ ಪಾಲಿಗೆ ಯಾರೂ ಕೈ ಹಾಕ್ಬೇಡಿ. ಬಂದು ಅವಳೇ ಉಜ್ತಾಳೆ."

ಮುಯ್ಯಿಯ ಕಟ್ಟಳೆ ನನಗೆ ಗೊತ್ತಾದದ್ದೂ ಆಗಲೇ. ಒಬ್ಬಳ ಪಾಲನ್ನು ಇನ್ನೊಬ್ಬರು ಮುಗಿಸಿದರೆ ಆ ಹೆಣ್ಣಿಗೂ ಆ ಮನೆಗೂ ಋಣ ತೀರಿತು ಎಂದು ಅರ್ಥವಂತೆ. ಅದಕ್ಕೇ ಅಜ್ಜಿ ತಾತನ ಕಣ್ಣಿಗೆ ಬೀಳದ ಹಾಗೆ ಅಲ್ಲಿ ಡ್ರಮ್ಮು ಇಟ್ಟರು. ಅಜ್ಜಿಯ ನಂತರ ಕಾವಲು ನಿನ್ನದು. ತವರಿಗೆ ಹೋದಾಗಲೆಲ್ಲ ನೀನು ಡ್ರಮ್ಮಿನ ಹಿಂದೆ ಕೈ ಹಾಕಿ ತಡವುತ್ತಿದ್ದೆಯಲ್ಲ, ಇಲಿಬಿಲ ನೋಡುತ್ತೀಯ ಎಂದುಕೊಂಡಿದ್ದೆ! ಅರವತ್ತು ವರ್ಷ ನೀವು ತೆರೆದಿಟ್ಟ ಬಾಗಿಲನ್ನು ನಾನು ಒಂದು ಫೋಟೋಗಾಗಿ ಒಂದೇ ದಿನದಲ್ಲಿ ಮುಚ್ಚಿದೆ. ಆ ನುಣುಪನ್ನು ಕೆರೆದು ತೆಗೆಯೋಣ ಎಂದು ಉಳಿ ಹಿಡಿದು ಹೋದೆ, ಧೈರ್ಯ ಸಾಲದೆ ಬಂದೆ. ಇನ್ನಷ್ಟು ಕೆಡಿಸಿದರೆ?

ಸೂಲೂರಿನ ಮಿಲ್ಲುಗಳ ಹಿಂದಿನ ಬೀದಿಗಳನ್ನು ನಾಲ್ಕು ಭಾನುವಾರ ಸುತ್ತಿದೆ. ಮಾಮನಿಗೆ ಗೊತ್ತಿದ್ದದ್ದು ಅಷ್ಟೇ, ಸೂಲೂರು, ಮಿಲ್ಲು. ಕನ್ನಡ ಮಾತಾಡುವ ಮುದುಕಿ ಎಂದರೆ ಯಾರಿಗೂ ತಿಳಿಯದು. ಕೊನೆಗೆ ಸುಣ್ಣದ ಗಾಡಿಯ ಮಾತೆತ್ತಿದಾಗ ಟೀ ಅಂಗಡಿಯವರು "ಸುಣ್ಣಾಂಬು ಪಾಟ್ಟಿಯಾ?", ಸುಣ್ಣದಜ್ಜಿಯಾ, ಎಂದು ಹಸಿರು ಗೇಟಿನ ಮನೆ ತೋರಿಸಿದರು. ಬಾಗಿಲು ತೆರೆದವರು ಸಣ್ಣ ಆಳು, ನಿನ್ನದೇ ಹಣೆ. "ಕಿಣತ್ತುಕಡವಿಂದ ಬಂದಿದ್ದೀನಿ" ಎಂದು ಕನ್ನಡದಲ್ಲಿ ಹೇಳಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮಾತು ಹುಡುಕಿ ಹುಡುಕಿ, "ಯಾರ ಮಗ ನೀನು, ಕಣ್ಣೂ?" ಎಂದರು. ನಿನ್ನ ಹೆಸರು ಹೇಳಿದೆ. "ಅವ್ಳು ಹೆಂಗವ್ಳೆ?"

ಅಮ್ಮಾ, ಅದಕ್ಕೆ ಉತ್ತರ ಹೇಳಿದ್ದು ನಾನು. ನಿಮ್ಮಿಬ್ಬರ ನಡುವೆ ಇದ್ದದ್ದು ಒಂದು ಗಂಟೆಯ ಬಸ್ಸಿನ ದಾರಿ. ಅಂದು ರೆಕಾರ್ಡರ್ ಮುಂದೆ "ನನ್ನ ಪಕ್ಕದಲ್ಲಿ" ಎಂದಾಗ ನಾನು ಬಾಯಿ ಮುಚ್ಚಿಕೊಂಡಿದ್ದರೆ, ನಿನ್ನನ್ನು ಕಾರಲ್ಲಿ ಕೂರಿಸಿಕೊಂಡು ಅಲ್ಲಿಗೆ... ಇರಲಿ. ಇರಲಿ ಎಂದರೆ ಬಿಡುತ್ತದಾ? ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ: "ಅವಳ ಪಾಲು ಪೂರಾ ಉಜ್ಜಿದ್ಲಾ? ಸೋಮಾರಿ ಅವ್ಳು." ಈಗಲೂ ಮುಖ ಕಾಣುತ್ತದೆ ಎಂದೆ. ನಕ್ಕರು. ಆಮೇಲೆ ನನ್ನ ತಪ್ಪನ್ನೂ ಹೇಳಿಬಿಟ್ಟೆ. ಅಳುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರು, ಆದರೆ ಬೇರೆ ಕಾರಣಕ್ಕೆ. "ನೀರು ಕುಡಿಸ್ದೆ ಒಣಗಿದ್ದ ಗಾರೆ ಮೇಲೆ ಬಳಿದ್ರೆ ನಿಲ್ತದಾ? ಇದು ಗೊತ್ತಿಲ್ದೆ ಪೊಸ್ತಕ ಬೇರೆ ಬರ್ದಿದ್ದೀಯಾ? ಒಂದು ಮಳೆ ಬರ್ಲಿ, ನೋಡು."

ಐಪ್ಪಸಿ ತಿಂಗಳ ಹಿಂಗಾರು ಮಳೆ ಹಿಡಿದ ಮೂರನೆಯ ದಿನ ಮಾಮ ಫೋನ್ ಮಾಡಿದರು. ಕೆಲಸ ಬಿಟ್ಟು ಓಡಿದೆ. ನಾನು ಹಾಕಿಸಿದ ಪದರ ಹಪ್ಪಳದ ಹಾಗೆ ಎದ್ದು ನೆಲಕ್ಕೆ ಬಿದ್ದಿತ್ತು. ಒಳಗಿನ ಒರಟು ಹಾಗೆಯೇ ಇದೆ ಅಮ್ಮಾ, ಒಂದು ಚೂರೂ ಕೆಟ್ಟಿಲ್ಲ. ಮೊದಲು ನಾನು ನೋಡೇ ಇರಲಿಲ್ಲ, ಬ್ಯಾಟರಿ ಹಿಡಿದು ನೋಡಿದರೆ ಕಲ್ಲು ಎಲ್ಲಿಯವರೆಗೆ ಬಂದು ನಿಂತಿತ್ತು ಎಂಬ ಗೆರೆ ಕೂಡ ಕಾಣುತ್ತದೆ. ನನ್ನ ಕೆಲಸ ಬಿದ್ದುಹೋದದ್ದಕ್ಕೆ ನಾನು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು.

ನಿನ್ನೆ ಪುಟವನ್ನು ಹೊಸದಾಗಿ ಬರೆದೆ. ಮೇಸ್ತ್ರಿಯ ಹೆಸರಿನ ಕೆಳಗೆ ಆರು ಹೆಸರುಗಳಿವೆ, ಕೂತಿದ್ದ ಸಾಲಿನಂತೆ ಎಡದಿಂದ ಬಲಕ್ಕೆ, ಮೊದಲನೆಯದು ನಿನ್ನ ಅಕ್ಕನದು, ಎರಡನೆಯದು ನಿನ್ನದು. ಮುಖಪುಟದ ಆ ಫೋಟೋ ಬೇಡವೆಂದಿದ್ದೇನೆ. ಹೊಸದನ್ನು ಶುಕ್ರವಾರ ತೆಗೆದು ಕಳಿಸುವವರೆಗೆ ಪ್ರೆಸ್ಸಿನವರು ಕಾಯಲಿ.

ಯಾಕೆ ಶುಕ್ರವಾರ ಎಂದರೆ, ಪದರ ಬಿದ್ದ ಸುದ್ದಿ ಹೇಳಿದಾಗ ದೊಡ್ಡಮ್ಮ ಒಂದು ನಿಮಿಷವೂ ಯೋಚಿಸಲಿಲ್ಲ. "ಕಡುಕ್ಕಾಯಿ ನೆನೆಹಾಕು. ಹದ ಬಂದ್ರೆ ಕರಿ, ಬರ್ತೀನಿ" ಎಂದರು. ಕಡುಕ್ಕಾಯಿ ಎಂದರೆ ನಮ್ಮ ಅಳಲೆಕಾಯಿಯೇ, ತಮಿಳರ ನಡುವೆ ಇದ್ದು ಇದ್ದು ಹೆಸರು ಮರೆತಿದ್ದಾರೆ. ಆ ನೀರು ನಡುಮನೆಯ ಮೂಲೆಯಲ್ಲಿ ಹುಳಿಯುತ್ತಿದೆ, ನಾಳಿದ್ದಿಗೆ ಹನ್ನೆರಡು ದಿನ. ಮಾಮ ಹಳೆಯ ಉಜ್ಜುಗಲ್ಲನ್ನು ಗೂಡಿನಿಂದ ತೆಗೆದು ತೊಳೆದಿಟ್ಟು, ಅಕ್ಕ ಕೂರಲೆಂದು ಮೂರು ಸಲ ಮಣೆ ಬದಲಾಯಿಸಿದ್ದಾರೆ. ದೊಡ್ಡಮ್ಮ ಏನು ಹೇಳಲಿ, ಈ ಸಲ ನಾನು ಮಧ್ಯೆ ಬಾಯಿ ಹಾಕುವುದಿಲ್ಲ. ಇದು ನನ್ನ ಮಾತು.

ಶುಕ್ರವಾರ ನಿನ್ನ ಅಕ್ಕ ತನ್ನ ಜಾಗದಲ್ಲಿ ಕೂರುತ್ತಾರೆ ಅಮ್ಮಾ. ಕೂತು ಬಲಕ್ಕೆ ತಿರುಗಿದರೆ, ಅವರ ಮುಖ ಕಾಣುವುದು ನಿನ್ನ ಪಾಲಿನಲ್ಲಿ.

ನಿನ್ನ ಮಗ