ಕೂಗು ಕದ್ದ ಹಡಗು

ಬ್ರಾತಿಸ್ಲಾವಾ ದಡದಿಂದ,
ಸೆಪ್ಟೆಂಬರ್ 17

ನನ್ನ ಮುದುಕ ತಿಹೋಮಿರನಿಗೆ,

ನಾನು ಕ್ಷೇಮ. ನೀನೂ ಹೊತ್ತಿಗೆ ಸರಿಯಾಗಿ ಉಂಡುಕೊಂಡು ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಪಸ್ಸಾವ್‌ನಲ್ಲಿ ಹಡಗು ಹತ್ತಿದ ದಿನವೇ ಬರೆಯುತ್ತೇನೆಂದು ಹೇಳಿ ಬಂದವಳು ಇಷ್ಟು ತಡ ಮಾಡಿದೆ, ಸಿಟ್ಟಾಗಬೇಡ. ಫೋನಿಗೇನು ಬಂತು ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಫೋನಿನಲ್ಲಿ ಸೆಂಕಾಳ ಹೆಸರೆತ್ತಿದರೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಮೀನು ಕಟ್ಟಿಕೊಟ್ಟದ್ದನ್ನೂ ಬಿಡಿಸಿ ಓದುವವನು ನೀನು. ಅದಕ್ಕೇ ಬರೆಯುತ್ತಿದ್ದೇನೆ.

ನೋಡು, ಹೆಸರು ಬರೆದಾಯಿತು. ಇನ್ನು ಮುಚ್ಚುಮರೆ ಯಾಕೆ? ಅಕ್ಕ ಸ್ತಮೆಂಕಾ ವಿಯೆನ್ನಾದ ಆಸ್ಪತ್ರೆಯಲ್ಲಿ ಬಟ್ಟೆ ಒಗೆದೂ ಒಗೆದೂ ನಿವೃತ್ತಳಾದ ಖುಷಿಗೆ ನನ್ನನ್ನು ಈ ಯಾತ್ರೆಗೆ ಎಳೆದುಕೊಂಡು ಬಂದಳು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ಕರೆದ ಕೂಡಲೆ ನಾನು ಹೂಂ ಅಂದದ್ದು ಅರಮನೆ ನೋಡುವ ಆಸೆಗಲ್ಲ. ನಮ್ಮ ಮಗಳು ಸೆಂಕಾ ಈ ನದಿಯ ಮೇಲೆ ಯಾವುದೋ ಒಂದು ಬಿಳಿ ಹಡಗಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಹೊಸ ವರ್ಷಕ್ಕೆ ಎರಡು ಸಾಲು ಬರೆಯುತ್ತಾಳೆ, ಯಾವ ಹಡಗು ಎಂದು ಬರೆಯುವುದಿಲ್ಲ. ಅವಳನ್ನು ಹುಡುಕಿ, ನಮ್ಮ ಮನೆಯ ಸಂತನ ದಿನದ ಊಟಕ್ಕೆ ಕರೆಯಬೇಕೆಂದೇ ನಾನು ಹೊರಟದ್ದು. ಆ ದಿನ ಮನೆಯವರೆಲ್ಲ ಸುತ್ತ ನಿಂತು ರೊಟ್ಟಿಗೆ ಕೈ ಹಚ್ಚಿ ಮುರಿಯುವಾಗ ಪ್ರತಿ ವರ್ಷ ಒಂದು ಕಡೆ ಖಾಲಿ ಇರುತ್ತದೆ. ನೀನು ಆ ಕಡೆ ನೋಡುವುದಿಲ್ಲ. ನನಗೆ ಆ ಕಡೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹಡಗಿನ ಸುಖ ಏನು ಹೇಳಲಿ! ಹಾಸಿಗೆ ಮಡಿಸಲು ಬಿಡುವುದಿಲ್ಲ, ತಟ್ಟೆ ಎತ್ತಲು ಬಿಡುವುದಿಲ್ಲ. ಮನೆಯಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ತೆಗೆದು, ಚಳಿಗಾಲಕ್ಕೆಂದು ಐವಾರ್ ಕುದಿಸಿ ಬಾಟಲಿಗೆ ತುಂಬುತ್ತಿದ್ದೆ. ಇಲ್ಲಿ ಕೈಗೆ ಕೆಲಸವಿಲ್ಲ, ಮುಳ್ಳಿನ ಮೇಲೆ ಕೂತಂತಾಗುತ್ತದೆ. ಕಿಟಕಿಯ ಹತ್ತಿರ ಹೋಗುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ. ಎದುರಿಗೆ ಹಡಗು ಕಂಡರೆ ಊಟ ಬಿಟ್ಟು ಎದ್ದು ಓಡುತ್ತೇನೆ. ನಿನ್ನೆ ಅಕ್ಕ ಚಮಚ ಕೆಳಗಿಟ್ಟು ರೇಗಿದಳು.

"ಏನೇ ರಾದೋಯ್ಕಾ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಸಾರು ತಣ್ಣಗಾಗ್ತಿದೆ, ಕೂತ್ಕೊಳೇ!"

"ಹಡಗು ಬಂತಲ್ಲಕ್ಕಾ."

"ನದಿ ಅಂದ್ಮೇಲೆ ಹಡಗು ಬರದೆ ಟ್ರಾಮ್ ಬರುತ್ತಾ? ಕ್ಯಾಪ್ಟನ್ ಹೆಂಡ್ತಿ ನೀನು, ಹಡಗೇ ಕಾಣದವಳ ಹಾಗೆ ಆಡ್ತೀಯಲ್ಲ!"

ಆಮೇಲೆ ಅವಳಿಗೆ ನಿಜ ಹೇಳಿದೆ. "ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ?" ಎಂದು ಬೈದು, ನನ್ನ ಸಾರನ್ನೂ ತಾನೇ ಕುಡಿದಳು. ಈಗ ಅವಳೂ ನನ್ನ ಜೊತೆ ಹುಡುಕುತ್ತಿದ್ದಾಳೆ.

ಹುಡುಕುವುದು ಹೇಗೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ದಡದಲ್ಲಿ ಜಾಗ ಸಾಲದೆ ಹಡಗಿನ ಪಕ್ಕಕ್ಕೆ ಹಡಗು ಕಟ್ಟುತ್ತಾರೆ. ಹೊರಗಡೆಯ ಹಡಗಿನವರು ಒಳಗಡೆಯ ಹಡಗಿನ ಹಜಾರ ಹಾದೇ ಊರಿಗೆ ಹೋಗಬೇಕು. ಎಲ್ಲರೂ ತಲೆ ಬಗ್ಗಿಸಿಕೊಂಡು ಹಾದುಹೋಗುತ್ತಾರೆ, ನಾನು ಅಲ್ಲೇ ನಿಲ್ಲುತ್ತೇನೆ. ಕೋಣೆ ಗುಡಿಸುವವರನ್ನು, ಪಾನೀಯ ಹಂಚುವವರನ್ನು, ಅಡುಗೆಮನೆಯ ಬಾಗಿಲಲ್ಲಿ ಸಿಗರೇಟು ಸೇದುತ್ತ ನಿಂತವರನ್ನು ಕೇಳುತ್ತೇನೆ: ಸೆಂಕಾ ಅಂತ ಜೆಮುನ್ ಊರಿನ ಹುಡುಗಿ, ಎಡ ಹುಬ್ಬಿನ ಮೇಲೆ ಗಾಯದ ಗುರುತು, ನೋಡಿದ್ದೀರಾ? ಹುಡುಗಿ ಎನ್ನುತ್ತೇನೆ, ಈಗ ಅವಳ ತಲೆಯಲ್ಲಿ ನರೆ ಬಂದಿರಬೇಕು. ಲಿಂಜ್‌ನಲ್ಲಿ ಸಿಗಲಿಲ್ಲ. ವಿಯೆನ್ನಾದಲ್ಲಿ ಅಕ್ಕ ತನ್ನ ಹಳೆಯ ಬೀದಿ ತೋರಿಸುತ್ತೇನೆಂದು ಅಂಗಲಾಚಿದಳು. ನಾನು ದಡ ಬಿಟ್ಟು ಕದಲಲಿಲ್ಲ, ಅಲ್ಲೂ ಸಿಗಲಿಲ್ಲ. ಇಲ್ಲಿ ಕೋಟೆ ಇದೆಯಂತೆ, ಬಹಳ ಚೆನ್ನಾಗಿದೆಯಂತೆ. ಚೆನ್ನಾಗಿರಲಿ ಬಿಡು.

ಆ ರಾತ್ರಿಯೂಟ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ, ತಿಹೋ. ಅವಳು ನದಿಶಾಲೆಯ ಓದು ಮುಗಿಸಿ, ಹಗ್ಗ ಎಳೆಯುವ ಕೆಲಸ ಕಲಿತು, ನಿನ್ನ ಹಡಗಿನಲ್ಲಿ ಚುಕ್ಕಾಣಿ ಕಲಿಸು ಎಂದು ಕೇಳಿದಳು. ಮನೆ ತುಂಬ ನಿನ್ನ ಗೆಳೆಯರಿದ್ದರು. ನೀನು ಗ್ಲಾಸು ಎತ್ತಿ, "ನನ್ನ ಮಗಳು ಚುಕ್ಕಾಣಿ ಹಿಡಿದ ದಿನ ನಾನು ಮೀನಿಗೆ ಈಜು ಕಲಿಸ್ತೀನಿ" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಕೋಟು ಹಾಕಿಕೊಂಡು ಹೋದಳು. ತಾನಾಗಿ ಬರಲಿ ಎಂದು ನೀನು ಕಾದೆ, ಅಪ್ಪ ಕರೆಯಲಿ ಎಂದು ಅವಳು ಕಾದಳು. ಇಬ್ಬರದೂ ಒಂದೇ ಎರಕದ ಮೊಂಡುತನ, ನಡುವೆ ಸವೆದವಳು ನಾನು. ಅವಳು ಪ್ರವಾಸಿಗಳಿಗೆ ಪಾನೀಯ ಹಂಚುತ್ತಾಳೆ ಎಂದು ಯಾರೋ ಹೇಳಿದಾಗ, "ನಾನು ಹೇಳಿರಲಿಲ್ವಾ?" ಎಂದೆಯಲ್ಲ, ಆ ದಿನ ನಿನ್ನ ಕಾಫಿಗೆ ನಾನು ಬೇಕೆಂದೇ ಸಕ್ಕರೆ ಹಾಕಿರಲಿಲ್ಲ.

ಅದಿರಲಿ, ನಿನ್ನ ಕೂಗು ಕದ್ದವನು ಈ ವಾರ ಬಂದಿದ್ದನೇ? ಒಂದು ಉದ್ದ, ಎರಡು ಗಿಡ್ಡ, ಮತ್ತೊಂದು ಉದ್ದ. ನೀನು ನದಿದಡದ ನಮ್ಮ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಹಡಗಿನ ಹಾರ್ನನ್ನು ಹಾಗೆ ಕೂಗಿಸುತ್ತಿದ್ದೆ, ನಾನು ಒಲೆಯ ಮೇಲೆ ಕಾಫಿ ಇಡುತ್ತಿದ್ದೆ. ಅಕ್ಕಪಕ್ಕದವರಿಗೂ ಗೊತ್ತಿತ್ತು, ತಿಹೋಮಿರ ಬಂದ ಎಂದು. ಈಗ ಯಾವುದೋ ಬಿಳಿ ಹಡಗು ಹಾಗೆ ಕೂಗಿದರೆ ನೀನು ಕುರ್ಚಿ ಒದ್ದು ಎದ್ದು, "ಯಾವನೋ ಕಳ್ಳ! ದುಡಿದು ತಿಂದವರ ಕೂಗೂ ಇವರಿಗೆ ಆಟದ ಸಾಮಾನು!" ಎಂದು ಕಿಟಕಿ ಬಡಿಯುತ್ತೀಯ. ಮೆಲ್ಲಗೆ ಮುಚ್ಚು ಮಾರಾಯ, ಹೋದ ಸಲ ಗಾಜು ಬಿರುಕು ಬಿಟ್ಟಿದೆ.

ಹಡಗು ಹೊರಡುವ ಸದ್ದಾಗುತ್ತಿದೆ. ಮುಂದಿನದು ಬುಡಾಪೆಸ್ಟ್. ಅಲ್ಲಿ ಬಹಳ ಹಡಗು ಸೇರುತ್ತವಂತೆ.

ನಿನ್ನ
ರಾದೋಯ್ಕಾ

*

ಬುಡಾಪೆಸ್ಟ್,
ಸೆಪ್ಟೆಂಬರ್ 19

ತಿಹೋ,

ಸಿಕ್ಕಿದಳು!

ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ನೀನು ಮೊದಲು ಕೂತುಕೋ. ಕನ್ನಡಕ ಹಾಕಿಕೊಂಡಿದ್ದೀಯಾ? ಸರಿ.

ಇವತ್ತು ಬೆಳಗ್ಗೆ ಪರದೆ ಸರಿಸಿದರೆ ಆಕಾಶವಿಲ್ಲ, ನದಿಯಿಲ್ಲ, ಕೈಯಳತೆಯಲ್ಲಿ ಇನ್ನೊಂದು ಹಡಗಿನ ಗೋಡೆ. ಎದುರು ಕಿಟಕಿಯಲ್ಲಿ ಬನಿಯನ್ ತೊಟ್ಟ ಗಂಡಸೊಬ್ಬ ಹಲ್ಲುಜ್ಜುತ್ತಿದ್ದ. ಅಕ್ಕ ಅವನಿಗೆ ನಮಸ್ಕಾರ ಮಾಡಿದಳು, ಅವನು ನೊರೆ ಬಾಯಲ್ಲೇ ತಲೆಯಾಡಿಸಿದ. ಅದು ಸಮುದ್ರದ ಕಡೆಯಿಂದ ಮೇಲಕ್ಕೆ ಹೊರಟ ಹಡಗು, ನಮ್ಮ ಹಡಗಿಗೂ ದಡಕ್ಕೂ ನಡುವೆ ನಿಂತಿತ್ತು. ಊರು ನೋಡಲು ಹೊರಟವರ ಸಾಲಿನಲ್ಲಿ ನಾವೂ ಅದರ ಹಜಾರಕ್ಕೆ ಬಂದೆವು. ಬಟ್ಟೆಯ ಗಾಡಿ ತಳ್ಳಿಕೊಂಡು ಬರುತ್ತಿದ್ದ ರೊಮೇನಿಯಾದ ಹೆಂಗಸನ್ನು ತಡೆದು, ನಾನು ದಿನವೂ ಕೇಳುವುದನ್ನೇ ಕೇಳಿದೆ. ವಿಯೋರಿಕಾ ಅಂತ ಅವಳ ಹೆಸರು. ನಮ್ಮ ಭಾಷೆ ಹರಕುಮುರುಕಾಗಿ ಬರುತ್ತಿತ್ತು.

"ಸೆಂಕಾನಾ? ಕೆಳಗೆ ಯಾರೂ ಇಲ್ಲಮ್ಮ ಆ ಹೆಸರಿನವರು."

"ಅಡುಗೆಮನೆಯಲ್ಲಿ?"

"ಇಲ್ಲ."

"ಕೋಣೆ ಗುಡಿಸೋರಲ್ಲಿ? ಸರಿಯಾಗಿ ನೆನಪು ಮಾಡ್ಕೊಳಮ್ಮ. ಹುಬ್ಬಿನ ಮೇಲೆ ಗಾಯ..."

ಅವಳು ಗಾಡಿ ಬಿಟ್ಟು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು. "ಅಯ್ಯೋ, ನೀವು ನಮ್ಮ ಕ್ಯಾಪ್ಟನ್‌ನ ಕೇಳ್ತಿದೀರಾ? ಅವರನ್ನ ಬಟ್ಟೆ ಒಗೆಯೋ ಜಾಗದಲ್ಲಿ ಹುಡುಕಿದ್ರೆ ಹೇಗೆ ಸಿಗ್ತಾರೆ? ಮೇಲಿರ್ತಾರೆ!"

ಕೇಳಿಸಿತೇ, ತಿಹೋ? ಕ್ಯಾಪ್ಟನ್. ಅಷ್ಟು ಹಡಗುಗಳ ಅಡುಗೆಮನೆ, ಉಗ್ರಾಣ, ಬಚ್ಚಲು ಎಲ್ಲ ಹುಡುಕಿದೆವು. ನದಿಯವನ ಹೆಂಡತಿ ನಾನು, ಮೇಲೆ ಚುಕ್ಕಾಣಿ ಕೋಣೆಯ ಕಡೆ ಒಂದು ಸಲವೂ ಕತ್ತೆತ್ತಿ ನೋಡಲಿಲ್ಲ.

ಅಕ್ಕ ನನ್ನನ್ನು ಹಿಂದಿನಿಂದ ತಳ್ಳಿದಳು, ಇಲ್ಲದಿದ್ದರೆ ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಬಾಗಿಲು ತೆರೆದಿತ್ತು. ಬಿಳಿ ಅಂಗಿ, ಹೆಗಲ ಮೇಲೆ ಚಿನ್ನದ ಪಟ್ಟಿ, ಕೂದಲು ಚಿಕ್ಕದಾಗಿ ಕತ್ತರಿಸಿದ್ದಾಳೆ, ನರೆಯೂ ಇದೆ. ನಿನ್ನ ಹಾಗೆಯೇ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತು, ನಿನ್ನ ಹಾಗೆಯೇ ಕಾಫಿ ಊದಿಕೊಂಡು ಕುಡಿಯುತ್ತಿದ್ದಳು. ತಿರುಗಿದಳು. ಇಷ್ಟು ವರ್ಷ ಮನಸ್ಸಿನಲ್ಲಿ ಏನೇನೋ ಮಾತು ಕಟ್ಟಿಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು, "ಊಟ ಆಯ್ತೇನೇ?" ಎಂಬುದೊಂದೇ.

"ಬೆಳಗ್ಗೆ ಎಂಟಕ್ಕೆ ಎಂಥ ಊಟ ಅಮ್ಮ," ಎಂದಳು. ಕಪ್ಪು ಕೆಳಗಿಟ್ಟಳು. "ಒಳಗೆ ಬಾ. ಆ ಗುಂಡಿ ಮಾತ್ರ ಮುಟ್ಟಬೇಡ." ಅಷ್ಟು ಹೇಳಿ ನನ್ನ ಹೆಗಲ ಮೇಲೆ ಮುಖವಿಟ್ಟು ಅತ್ತಳು, ನಾನೂ ಅತ್ತೆ. ಅಕ್ಕ ಬಾಗಿಲಲ್ಲಿ ನಿಂತು, ನಮ್ಮಿಬ್ಬರಿಗಿಂತ ಜೋರಾಗಿ ಅತ್ತಳು.

ಜರ್ಮನ್ನರ ಸರಕು ಹಡಗಿನಲ್ಲಿ ಹಗ್ಗ ಎಳೆದಳಂತೆ, ಅಲ್ಲೇ ಚುಕ್ಕಾಣಿ ಕಲಿತಳಂತೆ, ಪರೀಕ್ಷೆಯ ಮೇಲೆ ಪರೀಕ್ಷೆ ಕೊಟ್ಟಳಂತೆ. ಹೇಳಲಿಲ್ಲ ಯಾಕೆ ಎಂದರೆ, "ಹೇಳಿದ್ರೆ ಅಪ್ಪನಿಗೆ ಉತ್ತರ ಕೊಟ್ಟ ಹಾಗಾಗೋದು. ಉತ್ತರ ಕೊಡೋಕೆ ಅಂತ ಕಲೀಲಿಲ್ಲ, ನಂಗೆ ಬೇಕಾಗಿತ್ತು, ಕಲಿತೆ," ಎಂದಳು. ನಿನ್ನ ಬಗ್ಗೆ ನೇರವಾಗಿ ಏನೂ ಕೇಳಲಿಲ್ಲ. ಐವಾರ್ ಹಾಕಿದ್ಯಾ, ಅಟ್ಟ ಸೋರೋದು ನಿಂತಿತಾ, ಕಿಟಕಿಗೆ ಹಸಿರು ಬಣ್ಣ ಯಾರು ಆರಿಸಿದ್ದು ಎಂದೆಲ್ಲ ಕೇಳಿದಳು. ಈ ವಸಂತದಲ್ಲಿ ಹೊಡೆದ ಬಣ್ಣ ನಿನಗೆ ಹೇಗೆ ಗೊತ್ತೇ ಎಂದೆ. "ದಾರಿಯಲ್ಲೇ ಅಲ್ವಾ ಮನೆ," ಎಂದು ಮಾತು ತೇಲಿಸಿದಳು.

ಸಂತನ ದಿನಕ್ಕೆ ಬಾ ಎಂದೆ. ಆಗ ಚಳಿಗಾಲ, ಹಡಗು ಕಟ್ಟಿ ಹಾಕಿರುತ್ತಾರೆ, ಬಿಡುವಿರುತ್ತದೆ. ನದಿಯ ಕಡೆ ನೋಡುತ್ತ, "ಅಪ್ಪ ಕರೆದ್ರೆ ಬರ್ತೀನಿ. ನೀನು ಕರೆದಿದ್ದು ಸಾಲಲ್ಲ ಅಮ್ಮ, ಬೇಜಾರು ಮಾಡ್ಕೋಬೇಡ," ಎಂದಳು. ಬೇಜಾರಾಯಿತು. ಆದರೂ ಅವಳು ಹೇಳಿದ್ದು ತಪ್ಪಲ್ಲ.

ಮಧ್ಯಾಹ್ನ ಅವರ ಹಡಗು ಹೊರಡಬೇಕಿತ್ತು. ಅದಕ್ಕೆ ದಾರಿ ಬಿಡಲು ನಮ್ಮ ಹಡಗನ್ನು ಬಿಚ್ಚಿ ನದಿಯ ನಡುವೆ ನಿಲ್ಲಿಸಿದರು. ಅವಳು ಆ ಇಕ್ಕಟ್ಟಿನಿಂದ ಅಷ್ಟು ಉದ್ದದ ಹಡಗನ್ನು ಒಂದು ಕಡೆಯೂ ತಾಗಿಸದೆ ಹೊರಗೆ ತೆಗೆದಳು, ತಿಹೋ. ನೀನು ನೋಡಬೇಕಿತ್ತು. ನೋಡಿ ಮೀಸೆಯ ಕೆಳಗೆ ನಗುತ್ತಿದ್ದೆ, ನನಗೆ ಗೊತ್ತು.

ನಾವು ಇನ್ನು ಸಮುದ್ರದವರೆಗೆ ಹೋಗಿ, ನಾನು ಅಲ್ಲಿಂದ ಬಸ್ಸಿನಲ್ಲಿ ಬರುತ್ತೇನೆ. ಮನೆಗೆ ಹತ್ತಿರವೆಂದು ಬೆಲ್‌ಗ್ರೇಡಿನಲ್ಲಿ ಇಳಿದುಬಿಡು ಎನ್ನಬೇಡ. ಈಗ ನನಗೆ ನದಿ ನೋಡುವ ಮನಸ್ಸಾಗಿದೆ, ಮತ್ತೆ ನೀನು ಒಬ್ಬನೇ ಕೂತು ಯೋಚಿಸುವುದಿದೆ. ಫ್ರೀಜರಿನಲ್ಲಿ ಮೀನಿನ ಸಾರಿದೆ, ಬಿಸಿ ಮಾಡಿಕೋ. ಮನೆಯ ಮೂಲೆಯಲ್ಲಿ ದೀಪದ ಹಿಂದೆ ಕೂತ ಸಂತ ನಿಕೋಲ ನಿನ್ನ ಮೊಣಕಾಲನ್ನು ಕಾಯಲಿ, ನಿನ್ನ ನಾಲಗೆಯನ್ನು ಸ್ವಲ್ಪ ಮೆತ್ತಗೆ ಮಾಡಲಿ.

ಬೈದರೂ ನಿನ್ನವಳೇ,
ರಾದೋಯ್ಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಬೇಡ ಎಂದು ಸೆಂಕಾ ಆಣೆ ಹಾಕಿದ್ದಳು. ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ಅವಳನ್ನು ನಗಿಸೋಣವೆಂದು ನಾನೇ ಬಾಯಿಬಿಟ್ಟು, ನಿನ್ನಪ್ಪನ ಕೂಗನ್ನು ಯಾರೋ ಕದ್ದಿದ್ದಾರೆ, ಕೇಳಿದ ಕೂಡಲೆ ಎದ್ದು ಹೋಗಿ ಕಿಟಕಿ ಬಡಿಯುತ್ತಾನೆ ಎಂದೆ. ಅವಳು ನಗಲಿಲ್ಲ. "ಗೊತ್ತು, ದುರ್ಬೀನಲ್ಲಿ ಕಾಣುತ್ತೆ," ಎಂದಳು. ಅವಳೇ, ತಿಹೋ. ಇಷ್ಟು ವರ್ಷವೂ ಅವಳೇ. ಕಂಪನಿಯವರ ಹತ್ತಿರ ಬೈಸಿಕೊಂಡೂ ಪ್ರತಿ ಸಲ ನಮ್ಮ ಮನೆಯ ಮುಂದೆ ಕೂಗಿಸುತ್ತಾಳೆ. ಕೂಗಿಸುವುದು ತಾನೇ ಎಂದು ಗುರುತು ಹತ್ತಿಯೇ ನೀನು ಕಿಟಕಿ ಮುಚ್ಚುತ್ತೀಯ ಎಂದುಕೊಂಡಿದ್ದಾಳೆ. ಹಾಗಿದ್ದ ಮೇಲೆ ಮತ್ತೆ ಮತ್ತೆ ಯಾಕೆ ಕೂಗಿಸುತ್ತೀಯೇ ಮಗಳೇ ಎಂದು ಕೇಳಿದೆ. "ಕಿಟಕಿ ಮುಚ್ಚೋಕಾದ್ರೂ ಎದ್ದು ಬರ್ತಾನಲ್ಲಮ್ಮ. ಅಷ್ಟು ಹೊತ್ತು ಅಪ್ಪನ್ನ ನೋಡ್ತೀನಿ," ಎಂದಳು.