ಮೂರನೇ ಮೆಟ್ಟಿಲಿನ ಕಲೆಗಳು

ಅಮ್ಮಾ,

ಇವತ್ತು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಬಾಗಿಲು ಹಾಕಿ, ಹೊರಗೆ ನೀನು ಕೂರುತ್ತಿದ್ದ ಮರದ ಮೆಟ್ಟಿಲ ಮೇಲೆ ಬಂದು ಕೂತೆ. ಎರಡು ಗಂಟೆಯಿಂದ ಕಿರುಚುತ್ತಿದ್ದಳು. ಹಾಲು ಕುಡಿಸಿಯಾಗಿತ್ತು, ಜ್ವರವೂ ಇರಲಿಲ್ಲ. ನನ್ನ ಕೈ ನಡುಗತೊಡಗಿತ್ತು.

ವಾರಕ್ಕೊಮ್ಮೆ ಮನೆಗೆ ಬರುವ ನರ್ಸ್ ಆರ್ಡಿತ್ ಹೇಳಿಕೊಟ್ಟದ್ದೇ ಇದು. "ಕೈ ನಡುಗಿದ್ರೆ ಮಗೂನ ಕೆಳಗಿಡು, ಹತ್ತು ನಿಮಿಷ ಆಚೆ ಹೋಗು. ಅತ್ರೆ ಏನೂ ಆಗಲ್ಲ ಕಣಮ್ಮ, ಹಿಡಿದು ಅಲುಗಾಡಿಸಿದ್ರೆ ಜೀವ ಹೋಗತ್ತೆ. ಇದು ನನ್ನ ತಲೇಲಿ ಹುಟ್ಟಿದ್ದಲ್ಲ, ಸಾವಿರಾರು ತಾಯಂದಿರನ್ನ ನೋಡಿ ಕಲ್ತಿದ್ದು."

ನಮ್ಮ ಡುಲೂತ್ ಊರಿನಲ್ಲಿ ಏಪ್ರಿಲ್ ಬಂದರೂ ಮೆಟ್ಟಿಲು ಚಳಿಗೆ ಕೊರೆಯುತ್ತಿತ್ತು. ನನಗೇನೂ ಅನ್ನಿಸಲಿಲ್ಲ.

ಪಕ್ಕದ ಮನೆಯ ಲವರ್ನ್ ಆಂಟಿ ಬೇಲಿಯಾಚೆಯಿಂದ ಕೂಗಿದಳು: "ಏನೇ, ನೀನೂ ನಿಮ್ಮಮ್ಮನ ಥರಾನೇ ಶುರು ಮಾಡಿದ್ಯಾ? ಮಗು ಒಳಗೆ, ತಾಯಿ ಹೊರಗೆ!"

ಆಸ್ಪತ್ರೆಯಲ್ಲಿ ನಾನು ನಿನಗೆ ಕೊನೆಯದಾಗಿ ಅಂದದ್ದೂ ಅದನ್ನೇ. "ನಾನು ಅಳ್ತಿದ್ರೆ ಬಾಗಿಲು ಹಾಕ್ಕೊಂಡು ಹೋಗಿ ಸಿಗರೇಟು ಸೇದ್ತಿದ್ದವಳು ನೀನು." ನೀನು ಗೋಡೆಯ ಕಡೆ ತಿರುಗಿ ಮಲಗಿದೆ.

ಮೂರನೇ ಮೆಟ್ಟಿಲ ಅಂಚಿನಲ್ಲಿ ನೀನು ಸಿಗರೇಟು ಒತ್ತಿ ಆರಿಸಿದ ಕಲೆಗಳು ಹಾಗೇ ಇವೆ. ಹೊತ್ತು ಕಳೆಯಬೇಕಿತ್ತಲ್ಲ, ಎಣಿಸಿದೆ. ಒಳಗೆ ಹೋದಾಗ ಅವಳು ಇನ್ನೂ ಅಳುತ್ತಿದ್ದಳು, ನನ್ನ ಕೈ ಮಾತ್ರ ನಡುಗುತ್ತಿರಲಿಲ್ಲ.

ನಿನ್ನ ಹತ್ತಿರ ಯಾವ ನರ್ಸೂ ಬಂದಿರಲಿಲ್ಲ. ನಲವತ್ತೊಂದು ಕಲೆ ಇವೆ, ಅಮ್ಮಾ. ನೀನು ಒಂದು ಸಲವೂ ನನ್ನ ಮೇಲೆ ಕೈ ಮಾಡಿದ ನೆನಪಿಲ್ಲ.