ಬೆಟ್ಟದ ಕೆಳಗಿನ ಮನೆ

ಮಾರ್ಚ್ 4, ಸೋಮವಾರ

ಬೆಟ್ಟಕ್ಕೆ ಮತ್ತೆ ಹಳದಿ ಹಚ್ಚಿದೆ. ಇನ್ನೂ ಸರಿಯಿಲ್ಲ. ನಮ್ಮೂರು ಸಾ ದೆಕ್‌ನ ಹೊಸ ಸಭಾಭವನದ ಗೋಡೆಗೆ ಹೋಗೋ ಚಿತ್ರ. ಅದೇ ಹಳದಿ ಬೆಟ್ಟ, ಕೆಳಗೆ ಗರಿ ಹೊದಿಸಿದ ಮನೆ, ಮುಂದೆ ಕಾಲುವೆ — ಮೂವತ್ತು ವರ್ಷದಿಂದ ಬರೀತಿರೋದೇ. ನಾನು ಹುಟ್ಟಿದ ಮನೆ.

ಮಧ್ಯಾಹ್ನ ನಿನ್ನೆಯ ಮೀನು, ಅನ್ನ. ಐಸ್ ಮಾರೋಳಿಗೆ "ಸಾಕು" ಅಂದೆ. ಇಡೀ ದಿನ ಆಡಿದ ಮಾತು ಅದೊಂದೇ.

ಮಾರ್ಚ್ 7

ಸಭಾಭವನದ ಕೆಲಸ ನೋಡ್ಕೊಳ್ಳೋ ಹುಡುಗಿ ದಿಯೆವ್, ಚಿತ್ರ ನೋಡೋಕೆ ಬಂದಿದ್ದಳು. ಎಳೇ ವಯಸ್ಸು, ನೇರ ಮಾತು.

"ಚೆನ್ನಾಗಿದೆ ಚಿಕ್ಕಪ್ಪ. ಆದ್ರೆ ನಮ್ ಕಡೆ ಬೆಟ್ಟ ಎಲ್ಲಿದೆ? ನೆಲ ಎಲ್ಲಾ ಚಾಪೆ ಹಾಸ್ದಂಗಿದೆ!"

"ನಮ್ಮನೆ ಹಿಂದೆ ಇತ್ತು."

"ಮತ್ತೆ ಈಗ? ಎದ್ದು ನಡ್ಕೊಂಡು ಹೋಯ್ತಾ?"

ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ಬ್ರಷ್ ಮುಟ್ಟಲಿಲ್ಲ. ಕೇಳೋಣ ಅಂದ್ರೆ ಯಾರಿದ್ದಾರೆ... ಅಕ್ಕ ಒಬ್ಬಳೇ. ಮಾತಾಡಿ ವರ್ಷವಾಯ್ತು.

ಮಾರ್ಚ್ 10, ಭಾನುವಾರ

ಅಕ್ಕನ ಊರು ಬಾಕ್ ಲಿಯುಗೆ ಬಸ್ಸಲ್ಲಿ ಹೋದೆ. ಅಕ್ಕ ನ್ಯಾನ್, ಅಂಗಳದಲ್ಲಿ ಸೀಗಡಿ ಒಣಗಿಸ್ತಿದ್ದಳು. ಕೇಳಿದೆ. ಬಿದ್ದು ಬಿದ್ದು ನಕ್ಕಳು.

"ಬೆಟ್ಟವಾ? ಅಯ್ಯೋ ಮಂಕೇ, ಅದು ಅಕ್ಕಿ ಗಿರಣಿಯ ಹೊಟ್ಟಿನ ರಾಶಿ ಕಣೋ!"

"ಮನೆ?"

ನಗು ನಿಂತಿತು.

"ಮನೆ ಎಲ್ಲಿತ್ತು? ಕಾಲುವೆ ದಂಡೆ ಕುಸಿದು ನೀರು ಪಾಲಾಗಿತ್ತು. ನಿಂಗಾಗ ಮೂರು ವರ್ಷ. ಆ ಮಳೆಗಾಲ ಪೂರ್ತಿ ರಾಶಿ ಪಕ್ಕದಲ್ಲೇ ಮಲಗಿದ್ವಿ. ಒಳಗೆ ಕೆಂಡ ಇರ್ತಿತ್ತಲ್ಲ, ಬೆಚ್ಚಗೆ. ಮನೆಗೆ ಹೋಗೋಣ ಅಂತ ನೀನು ಒಂದೇ ಅಳು. 'ಇದು ಬೆಟ್ಟ ಮರಿ, ಇದರ ಆಚೆ ಕಡೆ ಕೆಳಗೆ ನಮ್ಮನೆ, ಬೆಳಿಗ್ಗೆ ಹೋಗೋಣ' — ಅಮ್ಮ ದಿನಾ ಹಿಂಗೇ ಹೇಳಿ ಮಲಗಿಸೋಳು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಅಮ್ಮ ಬೇಡ ಅಂದಿದ್ಲು. ಆಮೇಲೆ ನೀನು ಚಿತ್ರ ಬರೆಯೋಕೆ ಶುರು ಮಾಡ್ದೆ. ಚಂದ ಇತ್ತು ಕಣೋ ನೀನು ಬರೆದ ಮನೆ..."

ಊಟಕ್ಕೆ ನಿಲ್ಲಲಿಲ್ಲ. ತಟ್ಟೆ ಹಿಡಿದು ಬೀದಿವರೆಗೂ ಬಂದಳು.

ಮಾರ್ಚ್ 26

ಏನೂ ಬರೆದಿಲ್ಲ. ಇಲ್ಲೂ, ಕ್ಯಾನ್ವಾಸ್ ಮೇಲೂ. ಇವತ್ತು ಮನೆ ಕೆರೆದು ತೆಗೆದೆ. ಸೂರು, ಕಿಟಕಿ, ಕೊನೆಗೆ ಬಾಗಿಲು. ದಿಯೆವ್‌ಗೆ ಫೋನ್ ಮಾಡಿ ಹೇಳಿದೆ.

"ಮನೆ ಇಲ್ದೆ ಅದ್ರಲ್ಲಿ ಏನಿರುತ್ತೆ ಚಿಕ್ಕಪ್ಪ?"

ಬೇಡದಿದ್ರೆ ಬಿಡಮ್ಮ ಅಂದೆ.

ಸಂಜೆ ಅಮ್ಮನನ್ನ ಬರೆಯೋಕೆ ಕೂತೆ. ಇಷ್ಟು ವರ್ಷದಲ್ಲಿ ಒಬ್ಬ ಮನುಷ್ಯನನ್ನೂ ಆ ಚಿತ್ರದಲ್ಲಿ ಇಟ್ಟಿರಲಿಲ್ಲ. ಅವಳು ಆ ರಾಶಿ ಪಕ್ಕ ಹೇಗೆ ಮಲಗ್ತಿದ್ದಳು... ಗೊತ್ತಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಫೋನಲ್ಲಿ ಹೇಳೋದಲ್ಲ ಅದು. ಬರ್ತೀನಿ. ಅನ್ನ ಮಾಡಿಟ್ಟಿರು, ಈ ಸಲ ಕೂತು ಉಣ್ಣು."

ಮಾರ್ಚ್ 31, ಭಾನುವಾರ

ಅಕ್ಕ ಬಂದಳು. ಉಂಡೆವು. ಚಿತ್ರದ ಮುಂದೆ ತುಂಬಾ ಹೊತ್ತು ನಿಂತಳು.

"ಅಮ್ಮ ಈ ಕಡೆ. ಗಾಳಿಗೆ ಬೆನ್ನು ಕೊಟ್ಟು. ನಾವಿಬ್ರೂ ಹೊಟ್ಟಿನ ಕಡೆ."

ನೆಲದ ಮೇಲೆ ಮಲಗಿ ತೋರಿಸಿದಳು — ಮೊಣಕಾಲು ಹೀಗೆ, ಕೈ ಹೀಗೆ. ಬರೆದೆ. ಬೆನ್ನು ಬಂತು. ಭುಜ ಬಂತು. ತಿರುಗಿ ನೋಡಿದರೆ ಅಕ್ಕನಿಗೆ ಅಲ್ಲೇ ನಿದ್ದೆ ಹತ್ತಿದೆ.

ಕಾಲುವೆ ಕಡೆಯಿಂದ ಗಾಳಿ ಜೋರು. ಕಿಟಕಿ ಮುಚ್ಚಿದರೆ ಸದ್ದಿಗೆ ಎದ್ದಾಳು. ಅಕ್ಕನಿಗೂ ಕಿಟಕಿಗೂ ನಡುವೆ ಬಂದು ಕೂತು ಬರೀತಿದೀನಿ, ಕಿಟಕಿಗೆ ಬೆನ್ನು ಕೊಟ್ಟು. ಬೆನ್ನು ತಣ್ಣಗಾಗ್ತಿದೆ. ಅಮ್ಮ ಇಡೀ ಮಳೆಗಾಲ —